ಒಂಬತ್ತನೇ ರೀಲಿನ ಬಾಗಿಲು

ನನ್ನ ದಿನಚರಿಯ ಲೆಕ್ಕದಂತೆ ಮೇಷ್ಟ್ರು ನಮ್ಮ ಟಾಕೀಸಿನಲ್ಲಿ ಮೈಕ್ ಹಿಡಿದು ಕಥೆ ಹೇಳಿದ ಆಟಗಳು ನೂರಾ ಎಪ್ಪತ್ತೆರಡು. ಅದರಲ್ಲಿ ನಾನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ್ದು ಅರವತ್ತೊಂದು. ಉಳಿದವನ್ನು ಅರ್ಧಂಬರ್ಧ ಕೇಳಿದ್ದೇನೆ. ಬುಕಿಂಗ್ ಕಿಟಕಿ ಮುಚ್ಚಿ, ಗೇಟಿನಲ್ಲಿ ಹರಿದ ಟಿಕೆಟ್ ತುಂಡುಗಳನ್ನು ಎಣಿಸಿ ಒಳಗೆ ಹೋಗುವ ಹೊತ್ತಿಗೆ ಎರಡು ಮೂರು ರೀಲು ಓಡಿರುತ್ತಿದ್ದವು. ಕಳೆದ ತಿಂಗಳು ಎರಡನೇ ಮಂಗಳವಾರ ಅವರು ಹರಿಹರದ ತಮ್ಮ ಮನೆಯಲ್ಲಿ ತೀರಿಕೊಂಡರು. ಸುದ್ದಿ ತಂದವನು, "ಇನ್ನು ಅಂಥಾ ಗಂಟಲು ಹುಟ್ಟಲ್ಲ ಬಿಡ್ರಿ" ಎಂದ. ನಾನು ಹಳೆಯ ದಿನಚರಿಗಳನ್ನು ಹೊರತೆಗೆದೆ.

ಆ ಕಾಲದಲ್ಲಿ ಇಂಗ್ಲಿಷ್ ಚಿತ್ರ ಬಂದರೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಬೇಕಾಗುತ್ತಿತ್ತು. ಪರದೆಯ ಎಡಕ್ಕೆ ಒಂದು ಸ್ಟೂಲು, ಒಂದು ಮೈಕು, ನೀರಿನ ಚೊಂಬು. ನಮ್ಮದು ದಾವಣಗೆರೆಯ ಮಂಡಿಪೇಟೆಯ ಹಿಂದಿನ ಹಳೇ ಟಾಕೀಸು. ಬೆಂಚಿನ ಮೇಲೆ ಕೂರುವವರು ಹಮಾಲರು, ಗಿರಣಿಯವರು, ಮಂಡಕ್ಕಿ ಭಟ್ಟಿಯವರು, ಸಂತೆಗೆ ಬಂದ ಹದಡಿಯ ರೈತರು. ಅವರಿಗೆ ಕುದುರೆ ಓಡಿದ್ದು ತಿಳಿಯುತ್ತಿತ್ತು, ಯಾಕೆ ಓಡಿತು ಎಂಬುದು ತಿಳಿಯುತ್ತಿರಲಿಲ್ಲ. ಅದನ್ನು ಮೇಷ್ಟ್ರು ಹೇಳುತ್ತಿದ್ದರು.

ಹೆಗಲಿಗೆ ಕೊಡೆ ತಗುಲಿಸಿಕೊಂಡು, ಕರೀ ಕೋಟು ತೊಟ್ಟು, ಹಣೆಗೆ ಮೂರೆಳೆ ವಿಭೂತಿ ಹಚ್ಚಿ ಹರಿಹರದಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಇಳಿದವರು ನೇರ ಟಾಕೀಸಿಗೆ ಬರುತ್ತಿರಲಿಲ್ಲ. ಮಂಡಿಪೇಟೆಯ ಬೀದಿಯಲ್ಲಿ ಒಂದು ಸುತ್ತು ಹಾಕಿ ಅಂಗಡಿಯ ಬೋರ್ಡುಗಳನ್ನು ಓದುತ್ತಿದ್ದರು. ಹೊಸ ಚಿತ್ರದ ಪಾತ್ರಗಳಿಗೆ ಹೆಸರುಗಳನ್ನು ಆರಿಸಿಕೊಳ್ಳುವುದು ಅಲ್ಲಿಂದಲೇ. ಪರದೆಯ ಮೇಲಿನ ದೊರೆಸಾನಿ ಗೌರವ್ವ, ಸೇನಾಪತಿ ವೀರಪ್ಪ, ಗಡ್ಡದ ಮುದುಕ ಫಕೀರಯ್ಯ. ಸೈನಿಕರ ಸಾಲಿನಲ್ಲಿ ಒಬ್ಬ ಖಾಸಿಂ, ಒಬ್ಬ ಹನುಮಂತ. ಒಮ್ಮೆ ನಾನು, "ಅವರ ನಿಜವಾದ ಹೆಸರನ್ನೇ ಹೇಳಬಹುದಲ್ಲ ಮೇಷ್ಟ್ರೆ" ಎಂದಿದ್ದಕ್ಕೆ ಅವರು ಹೇಳಿದ್ದನ್ನು ಅವತ್ತೇ ಬರೆದುಕೊಂಡಿದ್ದೇನೆ: "ಕಥೆ ನಮ್ಮೂರಾಗೆ ನಡಿಬೇಕಪ್ಪ. ಪರದೇಶದಾಗೆ ಯಾರ್ ಸತ್ತರೂ ಇಲ್ಲಿ ಯಾರೂ ಅಳಲ್ಲ."

ಅವರ ಇನ್ನೊಂದು ಕ್ರಮವೆಂದರೆ, ಬೇರೆಯವರಂತೆ 'ಅವನು ಹೀಗೆಂದ, ಇವಳು ಹೀಗೆಂದಳು' ಎಂದು ಹೇಳುತ್ತಿರಲಿಲ್ಲ. ಆ ಪಾತ್ರವೇ ಆಗಿ 'ನಾನು' ಎಂದು ಮಾತಾಡುತ್ತಿದ್ದರು. ರಾಜ ಬಂದರೆ ರಾಜನ ದನಿ, ಗೌರವ್ವ ಬಂದರೆ ಮೆಲುದನಿ. ಆಟಕ್ಕೆ ಮುಂಚೆ ಮೆಣಸು ಹಾಕಿ ಕುದಿಸಿದ ಬಿಸಿನೀರನ್ನು ಗುಟುಕರಿಸುತ್ತಿದ್ದರು. ಯಾರಾದರೂ ಕೀಟಲೆ ಮಾಡಿದರೆ ಆ ಪಾತ್ರದ ದನಿಯಲ್ಲೇ ಉತ್ತರ ಬರುತ್ತಿತ್ತು. "ಮೇಷ್ಟ್ರೇ, ಆ ಸಿಂಹ ಯಾವೂರ್ದು?" ಎಂದು ಬೆಂಚಿನವನೊಬ್ಬ ಕೂಗಿದರೆ, ಗಡಸಾದ ರಾಜನ ದನಿಯಲ್ಲಿ, "ಹದಡಿದು. ಮೂರು ದಿನದಿಂದ ಉಪವಾಸ ಐತೆ. ಕೂತ್ಕಳಲೇ!" ಎನ್ನುತ್ತಿದ್ದರು. ಟಾಕೀಸೇ ನಗುತ್ತಿತ್ತು.

ಸಿಂಹದ ಮಾತು ಬಂದದ್ದು ನಾನು ಈಗ ಹೇಳಹೊರಟ ಚಿತ್ರದಲ್ಲೇ. ಅದು ರೋಮ್ ಸೀಮೆಯ ಹಳೆಯ ಕಾಲದ ಕಥೆ. ಅಲ್ಲಿನ ರಾಜ ತನ್ನನ್ನೇ ದೇವರೆಂದುಕೊಂಡವನು. ಪ್ರತಿಯೊಬ್ಬರೂ ತನ್ನ ವಿಗ್ರಹದ ಮುಂದೆ ಒಂದು ಚಿಟಿಕೆ ಧೂಪ ಹಾಕಬೇಕೆಂದು ಡಂಗುರ ಹೊಡೆಸುತ್ತಾನೆ. ಯೇಸುವನ್ನು ನಂಬಿದ ಬಡವರು ಒಲ್ಲೆನ್ನುತ್ತಾರೆ. ನೆಲದಡಿಯ ಕಲ್ಲಿನ ಗವಿಗಳಲ್ಲಿ ಅಡಗಿ ಕೂತು ಪ್ರಾರ್ಥನೆ ಮಾಡುತ್ತಾರೆ. ಕೊನೆಗೆ ಸಿಕ್ಕಿಬಿದ್ದು, ಹಾಡುತ್ತ ಹಾಡುತ್ತ ಸಿಂಹಗಳ ಬಾಯಿಗೆ ಹೋಗುತ್ತಾರೆ. ಧೂಪ ಮಾತ್ರ ಹಾಕುವುದಿಲ್ಲ.

ನಮ್ಮೂರಿನಲ್ಲಿ ಇಂಥ ಚಿತ್ರ ನಾಲ್ಕು ದಿನ ಓಡಿದರೆ ಹೆಚ್ಚು ಎಂದು ಮಾಲೀಕರು ಎಣಿಸಿದ್ದರು. ಅದು ನಾಲ್ಕನೇ ವಾರಕ್ಕೆ ಹೋಯಿತು. ಮೇಷ್ಟ್ರು ಕಥೆಯನ್ನು ಹೇಳಿದ ಬಗೆ ಹಾಗಿತ್ತು. ಯೇಸುವನ್ನು ನಂಬಿದ ದೊರೆಸಾನಿ ಗೌರವ್ವನ ಕೈಯನ್ನು ಸೈನಿಕರು ಹಿಡಿದು ಧೂಪದ ಬಟ್ಟಲಿಗೆ ಎಳೆಯುವಾಗ ಅವಳ ಬಾಯಲ್ಲಿ, "ಕೈ ನಿಮ್ದು ಮಾಡ್ಕಳ್ರಿ, ಒಳಗಿಂದು ನಂದು" ಎಂಬ ಮಾತು ಬರುತ್ತಿತ್ತು. ಹೆಂಗಸರು ಕೂತ ಕಡೆಯಿಂದ ಮೂಗು ಸೀಟುವ ಸದ್ದು. ಚಿತ್ರದ ಮುದುಕ ಫಕೀರಯ್ಯನಿಗೆ ಜನ ಕೈ ಮುಗಿಯುತ್ತಿದ್ದರು. ಆಟ ಬಿಟ್ಟ ಮೇಲೆ ಮೇಷ್ಟ್ರ ಕಾಲು ಮುಟ್ಟುವವರೂ ಇದ್ದರು. ಮಂಡಿಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರು, ಮನೆಯಲ್ಲಿ ದಿನವೂ ಲಿಂಗಪೂಜೆ ಮುಗಿಸದೆ ನೀರು ಕುಡಿಯದವರು, ಆ ಚಿತ್ರವನ್ನು ಹತ್ತು ಸಲ ನೋಡಿದರು. "ನಂಬಿಕೆ ಅಂದ್ರೆ ಹೆಂಗಿರ್ಬೇಕು ಅಂತ ಮೇಷ್ಟ್ರು ಬಾಯಾಗೆ ಕೇಳ್ಬೇಕು ನೋಡಪ್ಪ" ಎಂದು ನನ್ನ ಕಿಟಕಿಯಲ್ಲಿ ಹೇಳುತ್ತಿದ್ದರು. ನಾವು ಅವರನ್ನು ಶೆಟ್ರು ಎನ್ನುತ್ತಿದ್ದೆವು.

ಇಷ್ಟೆಲ್ಲ ಹೇಳುವ ಮೇಷ್ಟ್ರು ಒಂಬತ್ತನೇ ರೀಲಿನಲ್ಲಿ ಮಾತ್ರ ಮಾತಾಡುತ್ತಿರಲಿಲ್ಲ.

ಆ ರೀಲಿನಲ್ಲಿ ನಡೆಯುವುದು ಇಷ್ಟು. ಗವಿಯಲ್ಲಿ ಅಡಗಿದವರ ಗುಂಪಿನವನೇ ಒಬ್ಬ ಸೈನಿಕರ ಕೈಗೆ ಸಿಗುತ್ತಾನೆ. ಅವನನ್ನು ಗವಿಯ ಬಾಗಿಲಿಗೆ ತಂದು ನಿಲ್ಲಿಸುತ್ತಾರೆ. ಅವನು ಒಳಗಿನವರನ್ನು ಕೂಗುತ್ತಾನೆ. ತಮ್ಮವನ ದನಿ ಕೇಳಿ ಒಳಗಿನವರು ಬಾಗಿಲು ತೆರೆಯುತ್ತಾರೆ. ಸೈನಿಕರು ನುಗ್ಗುತ್ತಾರೆ. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಮೇಷ್ಟ್ರು ಮೈಕನ್ನು ತೊಡೆಯ ಮೇಲೆ ಮಲಗಿಸಿ ಚೊಂಬಿನ ನೀರು ಕುಡಿಯುತ್ತಿದ್ದರು. ಇಡೀ ಚಿತ್ರದಲ್ಲಿ ಅವರು ಹೆಸರಿಡದೆ ಬಿಟ್ಟ ಪಾತ್ರ ಆ ಕೂಗುವವನೊಬ್ಬನೇ.

"ಒಂಬತ್ತನೇ ರೀಲಿಗೆ ಸರಿಯಾಗಿ ಮೇಷ್ಟ್ರಿಗೆ ಬಾಯಾರಿಕೆ" ಎಂದು ಆಪರೇಟರ್ ನಗುತ್ತಿದ್ದ. ನಾನು ಕೇಳಿದಾಗ ಮೇಷ್ಟ್ರು, "ಅದು ನೋಡಿದ್ರೆ ತಿಳಿತೈತಲ್ಲಪ್ಪ. ಎಲ್ಲಾದ್ನೂ ಹೇಳ್ಬಾರ್ದು" ಎಂದರು.

ತಿಳಿಯುತ್ತಿರಲಿಲ್ಲ ಎಂಬುದಕ್ಕೆ ನನ್ನ ಬಳಿ ದಾಖಲೆ ಇತ್ತು. ಆಟ ಬಿಟ್ಟ ಮೇಲೆ ಜನ ಏನೇನು ಕೇಳುತ್ತಾರೆಂದು ಬರೆದಿಡುವುದು ನನ್ನ ಅಭ್ಯಾಸ. 'ಒಳಗಿದ್ದವರು ಬಾಗಿಲು ಯಾಕೆ ತೆಗೆದರು?' ಎಂದು ಮೂರು ವಾರಗಳಲ್ಲಿ ಕೇಳಿದವರು ಹತ್ತೊಂಬತ್ತು ಮಂದಿ. ಬೇರೆ ಯಾವ ದೃಶ್ಯದ ಬಗ್ಗೆಯೂ ಐದಕ್ಕಿಂತ ಹೆಚ್ಚು ಪ್ರಶ್ನೆ ಬಂದಿರಲಿಲ್ಲ. ನಾನು ಈ ಪಟ್ಟಿಯನ್ನು ಮಾಲೀಕರಿಗೆ ತೋರಿಸಿದೆ. ಯಾರೂ ಕೇಳಿರಲಿಲ್ಲ; ನಾನಾಗಿಯೇ ತೋರಿಸಿದೆ. ಅದು ನಾಲ್ಕನೇ ವಾರದ ಸೋಮವಾರ. ಮಾಲೀಕರು ಆಟಕ್ಕೆ ಮುಂಚೆ ಮೇಷ್ಟ್ರನ್ನು ಕರೆದು, "ಒಂಬತ್ತನೇ ರೀಲೂ ಹೇಳ್ರಿ. ಜನ ಕೇಳ್ತಾ ಅದಾರೆ. ಈ ಹುಡ್ಗ ಬರ್ದಿಟ್ಟಾನೆ ನೋಡ್ರಿ" ಎಂದರು.

ಮೇಷ್ಟ್ರು ಪಟ್ಟಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಬ್ಯಾಡ್ರಿ. ಅದೊಂದು ಬಿಡ್ರಿ" ಎಂದರು.

"ಯಾಕ್ರಿ ಬ್ಯಾಡ? ಮೈಕು ಕೊಟ್ಟಿರೋದು ಯಾಕೆ?"

ಮೇಷ್ಟ್ರು ನೀರಿನ ಚೊಂಬು ಎತ್ತಿಕೊಂಡರು. ಒಳಗೆ ಹೋದರು.

ಆ ದಿನ ನಾನು ಬೇಗ ಕಿಟಕಿ ಮುಚ್ಚಿ ಗೋಡೆಗೆ ಒರಗಿ ನಿಂತಿದ್ದೆ. ಒಂಬತ್ತನೇ ರೀಲು ಶುರುವಾಯಿತು. ಪರದೆಯ ಮೇಲೆ ಆ ಮನುಷ್ಯನನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಮೇಷ್ಟ್ರು ಮೈಕನ್ನು ಬಾಯಿಗೆ ಹಿಡಿದರು. ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. ಆಮೇಲೆ ಕೂಗಿದರು:

"ತೆಗೀರಿ ಬಾಗ್ಲಾ... ನಾನದೀನಿ. ಒಬ್ಬನ ಬಂದೀನಿ. ಅಂಜಬ್ಯಾಡ್ರಿ, ತೆಗೀರಿ."

ಅದು ಅವರು ಯಾವ ಪಾತ್ರಕ್ಕೂ ಬಳಸದ ದನಿ. ದಾವಣಗೆರೆಯ ಮಾತೂ ಅಲ್ಲ, ಹೊಳೆಯಾಚೆಯ ಸೀಮೆಯ ಮಾತು. ಹೆಂಗಸರ ಕಡೆಯಿಂದ ಒಂದು ಚೀತ್ಕಾರ ಬಂತು. ಒಬ್ಬಾಕೆ ಎದ್ದು ನಿಂತು, ಎರಡೂ ಕೈ ಮುಂದೆ ಚಾಚಿ ಪರದೆಯ ಕಡೆ ಕೂಗುತ್ತಿದ್ದಳು:

"ತೆಗಿಬ್ಯಾಡ! ಮಹಬೂಬಾ, ತೆಗಿಬ್ಯಾಡೋ!"

ಜನ ನಕ್ಕರು. "ಕೂತ್ಕಳಮ್ಮ, ಅವ್ರಿಗೆ ನಿನ್ ಮಾತು ಕೇಳ್ಸಲ್ಲ" ಎಂದು ಒಬ್ಬ ಕೂಗಿದ. ಪಕ್ಕದವರು ಆಕೆಯ ಸೆರಗು ಎಳೆದು ಕೂರಿಸಿದರು. ನಾನೂ ನಕ್ಕೆ ಎಂದು ಅಂದಿನ ಪುಟದಲ್ಲಿ ಬರೆದಿದೆ. ಮೇಷ್ಟ್ರು ಸ್ಟೂಲಿನಿಂದ ಎದ್ದಿದ್ದರು. ಮಿಕ್ಕ ರೀಲುಗಳನ್ನು ಅವರು ಹೇಳಲಿಲ್ಲ. ಗಂಟಲು ಕಟ್ಟಿತೆಂದು ಮಾಲೀಕರಿಗೆ ಹೇಳಿ ಕಳಿಸಿದರು.

ಆಟ ಬಿಟ್ಟಾಗ ಸಂಜೆ ಆರೂಕಾಲು. ಪಕ್ಕದ ಗೇಟಿನ ಅಂಗಳದಲ್ಲಿ ಆಕೆ ನಿಂತಿದ್ದಳು. ನಲವತ್ತರ ಆಸುಪಾಸು, ಸೆರಗಿಗೆ ಮಂಡಕ್ಕಿ ಭಟ್ಟಿಯ ಮಸಿ. ಹೆಸರು ಹುಸೇನ್‌ಬಿ ಎಂದು ಆಮೇಲೆ ತಿಳಿಯಿತು. ಮೇಷ್ಟ್ರ ಕೊಡೆಯನ್ನು ಕೊಡಲೆಂದು ನಾನು ಅವರ ಹಿಂದೆ ಹೋದೆ. ಹಾಗಾಗಿ ಅಲ್ಲಿದ್ದೆ.

"ಮಾಸ್ತರ" ಎಂದಳು. "ಹೆಂಗದೀಯಪಾ?"

ಮೇಷ್ಟ್ರು ಗೋಡೆ ಹಿಡಿದುಕೊಂಡರು. "ಬೂಬಮ್ಮ... ನೀನು ಬದುಕಿದ್ದೀಯ?"

"ಕಾಳಿನ ಗುಮ್ಮಿ ಹಿಂದ ಇದ್ದೆ. ನಿನ್ನ ದನಿನೂ ಕೇಳಿದೆ, ಆಮ್ಯಾಗಿಂದೂ ಕೇಳಿದೆ."

"ನನ್ನ ಕುತ್ತಿಗೆ ಮ್ಯಾಲೆ ಕುಡುಗೋಲು ಇಟ್ಟಿದ್ರು."

"ಗೊತ್ತೈತಿ. ಅದಕ್ಕ ನಿನಗ ಶಾಪ ಹಾಕಿಲ್ಲ. ಹತ್ತು ವರ್ಷ ಆತು, ಒಂದು ದಿನ ಹಾಕಿಲ್ಲ."

ನಡೆದದ್ದನ್ನು ಅವರಿಬ್ಬರ ಮಾತಿನಿಂದ ನಾನು ಜೋಡಿಸಿಕೊಂಡೆ. ಮೇಷ್ಟ್ರು ಮೊದಲು ಹೊಳೆಯಾಚೆ, ನಿಜಾಮನ ಸೀಮೆಯ ಒಂದು ಹಳ್ಳಿಯಲ್ಲಿ ಶಾಲೆಯ ಮಾಸ್ತರರು. ಪಕ್ಕದ ಮನೆ ಟೇಲರ್ ದಸ್ತಗೀರನದು. ದಸ್ತಗೀರ, ಅವನ ಹೆಂಡತಿ ಹುಸೇನ್‌ಬಿ, ತಮ್ಮ ಬಾಬಾಜಾನ್, ಹತ್ತು ವರ್ಷದ ಮಗ ಮಹಬೂಬ. ಆ ಸೀಮೆ ಭಾರತಕ್ಕೆ ಸೇರುವ ಮೊದಲು ನಿಜಾಮನ ಕಡೆಯ ರಜಾಕಾರರು ಹಳ್ಳಿಗಳಲ್ಲಿ ಕೊಳ್ಳೆ ಹೊಡೆದಿದ್ದರು, ಮನೆ ಸುಟ್ಟಿದ್ದರು. ಸೇರಿದ ವಾರಗಳಲ್ಲಿ ಮುಸಲ್ಮಾನರ ಮನೆಗಳ ಮೇಲೆ ಸೇಡಿನ ಗುಂಪುಗಳು ಹೊರಟವು. ಯಾರನ್ನೂ ಕೊಳ್ಳೆ ಹೊಡೆಯದ ಟೇಲರ್ ಮನೆಗೂ ಒಂದು ಗುಂಪು ಬಂತು. ಒಳಗಿನಿಂದ ಬಲವಾಗಿ ಅಗುಳಿ ಹಾಕಿದ್ದರಿಂದ ಪಕ್ಕದ ಮನೆಯ ಮಾಸ್ತರರನ್ನು ಎಳೆತಂದು ಬಾಗಿಲ ಮುಂದೆ ನಿಲ್ಲಿಸಿದರು. ಕೂಗು ಎಂದರು. ಅವರು ಕೂಗಿದರು. ಒಳಗಿನಿಂದ ಅಗುಳಿ ತೆಗೆದವನು ಅವರ ಬಳಿ ಓದುತ್ತಿದ್ದ ಮಹಬೂಬ.

ನಾನು ಕೊಡೆಯನ್ನು ಹಿಡಿದು ನಿಂತೇ ಇದ್ದೆ. ಒಂದು ಗಂಟೆಯ ಹಿಂದೆ 'ತೆಗಿಬ್ಯಾಡೋ' ಎಂದು ಕೂಗಿದ ಈ ತಾಯಿಯನ್ನು ನೋಡಿ ನಕ್ಕಿದ್ದೆ. ಆ ರೀಲಿಗೆ ಮಾತು ಹಾಕಿಸಿದವನೂ ನಾನೇ.

"ಏನು ಮಾಡ್ಲಿ ಹೇಳು ಬೂಬಮ್ಮ. ಕಾಲಿಗೆ ಬೀಳ್ಲಾ?"

"ಬ್ಯಾಡ. ನನಗೊಂದು ಬೇಕು. ನಮ್ಮೂರಾಗ ಕೇಳಿದ್ರ, 'ದಸ್ತಗೀರನ ಮನಿಯವರಾ? ಅವ್ರು ಊರು ಬಿಟ್ಟು ಹೋದ್ರು' ಅಂತಾರ. ಚಾವಡಿ ಪುಸ್ತಕದಾಗೂ ಹಂಗ ಬರದಾರ. ಸತ್ತಾರ ಅಂತ ಹೇಳಾಕ ಒಬ್ಬನೂ ಇಲ್ಲ. ನಾ ಹೇಳಿದ್ರ ಯಾರು ಕೇಳ್ತಾರ? ನಿನ್ನ ಮಾತು ಮಂದಿ ಕೇಳ್ತಾರ, ಕಣ್ಣಾರೆ ನೋಡೀನಿ. ಮೂರು ಮಂದಿ ಹೆಸರು ಹೇಳು. ಬಾಗಲದಾಗ ಹೊಡದು ಹಾಕಿದ್ರು ಅಂತ ಹೇಳು. ಮಂದಿ ಮುಂದ. ಅಷ್ಟ ಸಾಕು."

ಮೇಷ್ಟ್ರು ನನ್ನ ಕೈಯಿಂದ ಕೊಡೆ ತೆಗೆದುಕೊಂಡರು. ಕೊನೆಗೆ, "ಗುರುವಾರ ಕಡೇ ಆಟ. ಅಷ್ಟ್ರಾಗೆ ಹೇಳ್ತೀನಿ" ಎಂದರು.

ಮಂಗಳವಾರ ಆಕೆ ಬಂದಳು. ಮುಂದಿನ ಸಾಲಿನಲ್ಲೇ ಕೂತಳು. ಮೇಷ್ಟ್ರು ಒಂಬತ್ತನೇ ರೀಲಿನಲ್ಲಿ ಮೈಕನ್ನು ತೊಡೆಯ ಮೇಲೆ ಮಲಗಿಸಿದರು. ಬುಧವಾರ ಬಂದಳು. ಅಂದೂ ಹಾಗೆಯೇ. ಬುಧವಾರ ಆಟ ಬಿಟ್ಟ ಮೇಲೆ ಮೇಷ್ಟ್ರು ನನ್ನನ್ನು ಎದುರಿನ ಚಹಾದ ಅಂಗಡಿಗೆ ಕರೆದುಕೊಂಡು ಹೋದರು. ಅದಕ್ಕೆ ಮೊದಲು ಹಾಗೆ ಕರೆದದ್ದಿಲ್ಲ.

"ನೀನು ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಮೇಷ್ಟ್ರೆ."

"ಡೈರಿಯಾಗೆ ಬರ್ದ್ಯಾ?"

ಸುಳ್ಳು ಹೇಳಲು ಆಗಲಿಲ್ಲ. "ಬರ್ದೀನಿ."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. "ಹೆಂಡ್ತಿಗೆ ಗೊತ್ತಿಲ್ಲ. ಮಗಳ ನಿಶ್ಚಯ ಆಗೈತೆ. ಹರಿಹರದಾಗೆ ನಾನು ಹೋಗ್ತಿದ್ರೆ ಮಂದಿ ಎದ್ದು ನಿಲ್ತಾರೆ. ಹತ್ತು ವರ್ಷದಿಂದ ಎಷ್ಟು ಪೂಜಿ ಮಾಡೀನಿ, ಎಷ್ಟು ಮಕ್ಕಳಿಗೆ ಪುಕ್ಕಟೆ ಪಾಠ ಹೇಳೀನಿ, ಬರ್ಕೋ ಅದ್ನೂ." ಆಮೇಲೆ ತಾವೇ ತಲೆ ತಗ್ಗಿಸಿ, "ಬ್ಯಾಡ, ಬರಿಬ್ಯಾಡ" ಎಂದರು.

ನನಗೆ ಆಗ ಇಪ್ಪತ್ತೊಂದು ವರ್ಷ. "ಆಕೆ ಕೇಳಿದ್ದು ಮೂರು ಹೆಸರಷ್ಟೆ ಅಲ್ಲವಾ ಮೇಷ್ಟ್ರೆ" ಎಂದೆ.

"ಮೂರಲ್ಲಪ್ಪ" ಎಂದರು. "ನಾಲ್ಕು. ನಂದೂ ಹೇಳ್ಬೇಕಾಗ್ತೈತೆ."

ಗುರುವಾರದ ಆಟಕ್ಕೆ ಟಿಕೆಟ್ ತುಂಡುಗಳು ಆರುನೂರಾ ಹದಿನಾಲ್ಕು. ಬಾಗಿಲ ಬಳಿಯೂ ಜನ ನಿಂತಿದ್ದರು. ಹುಸೇನ್‌ಬಿ ಮುಂದಿನ ಸಾಲಿನಲ್ಲಿದ್ದಳು. ಬೆಲ್ಲದ ಶೆಟ್ರು ಹತ್ತನೇ ಸಲ ಬಂದು ಹಿಂದಿನ ಕುರ್ಚಿಯಲ್ಲಿದ್ದರು. ನಾನು ಗೋಡೆಯ ಪಕ್ಕ. ಎಂಟು ರೀಲು ಮೇಷ್ಟ್ರು ಎಂದಿನಂತೆ ಹೇಳಿದರು, ಹಾಸ್ಯ ಮಾತ್ರ ಇರಲಿಲ್ಲ. ಒಂಬತ್ತನೆಯದು ಶುರುವಾಗಿ ಆ ಕಲ್ಲಿನ ಬಾಗಿಲು ಪರದೆಯ ತುಂಬ ಬಂತು. ಮೇಷ್ಟ್ರು ಎದ್ದು ನಿಂತರು. ಪರದೆಯ ಬೆಳಕು ಅವರ ಅರ್ಧ ಮುಖಕ್ಕೆ ಬಿದ್ದಿತ್ತು.

"ಈ ಬಾಗ್ಲು ಒಳಗೆ ದಸ್ತಗೀರ ಅದಾನೆ" ಎಂದರು. "ಬಟ್ಟೆ ಹೊಲಿಯೋನು. ಯಾರಿಗೂ ಒಂದು ಮಾತು ಅಂದೋನಲ್ಲ. ಅವನ ತಮ್ಮ ಬಾಬಾಜಾನ್ ಅದಾನೆ. ಬಲಗಾಲು ಕುಂಟು, ಓಡಾಕೆ ಬರಲ್ಲ. ದಸ್ತಗೀರನ ಮಗ ಮಹಬೂಬ. ಹತ್ತು ವರ್ಷ. ಮಗ್ಗಿ ಹದಿನಾರರ ತನಕ ಬರ್ತೈತೆ. ಹೊರಗೆ ನಿಂತೋನು ನಾನು. ಆ ಹುಡುಗನ ಮಾಸ್ತರ. ಹಿಂದೆ ಹನ್ನೆರಡು ಮಂದಿ ಅದಾರೆ. ಕೂಗು ಅಂದ್ರು. ಕೂಗಿದೆ. ಹುಡುಗ ನನ್ನ ದನಿ ಹಿಡ್ದ. 'ಅಬ್ಬಾ, ನಮ್ಮ ಮಾಸ್ತರು' ಅಂದ. ಅಗುಳಿ ತೆಗ್ದ. ಮೊದಲು ಅವನ್ನೇ ಹೊಡೆದ್ರು. ಬಾಗ್ಲಾಗೇ. ಮೂರೂ ಮಂದಿ ಬಾಗ್ಲಾಗೇ ಸತ್ರು. ನಾನು ಬದುಕಿದೆ."

ಟಾಕೀಸಿನಲ್ಲಿ ಒಂದು ಕೆಮ್ಮೂ ಇರಲಿಲ್ಲ. ಈಗ ಯಾರೋ ಎದ್ದು, 'ಮೇಷ್ಟ್ರೇ, ಇದೇನಿದು?' ಎನ್ನುತ್ತಾರೆ, ದೀಪ ಹಾಕುತ್ತಾರೆ, ಆಟ ನಿಲ್ಲುತ್ತದೆ ಎಂದುಕೊಂಡೆ. ಹೆಂಗಸರ ಕಡೆಯಿಂದ ಬಿಕ್ಕು ಕೇಳಿಸಿತು. ಆಮೇಲೆ ಬೆಂಚಿನಿಂದ ಒಬ್ಬ, "ಥೂ ನಿನ್ನ, ಹಲ್ಕಟ್ ನನ್ಮಗನೇ!" ಎಂದು ಕೂಗಿ ಚಪ್ಪಲಿ ಎಸೆದ. ಮೇಷ್ಟ್ರಿಗಲ್ಲ. ಪರದೆಯ ಮೇಲಿದ್ದ ಆ ರೋಮ್ ಸೀಮೆಯ ಮನುಷ್ಯನಿಗೆ. ಚಪ್ಪಲಿ ಅವನ ಮುಖಕ್ಕೆ ಬಡಿದು ಕೆಳಗೆ ಬಿತ್ತು. ಅದರ ಹಿಂದೆ ಚಪ್ಪಾಳೆ ಶುರುವಾಯಿತು. ಇಡೀ ಟಾಕೀಸು ಚಪ್ಪಾಳೆ ತಟ್ಟಿತು.

ಆಗ ನನಗೆ ಅರ್ಥವಾಯಿತು. ಮೇಷ್ಟ್ರು ಯಾವಾಗಲೂ ಪಾತ್ರಗಳಿಗೆ ನಮ್ಮೂರಿನ ಹೆಸರಿಡುತ್ತಿದ್ದವರು, ಯಾವಾಗಲೂ 'ನಾನು' ಎಂದೇ ಮಾತಾಡುತ್ತಿದ್ದವರು. ಇವತ್ತೂ ಹಾಗೆಯೇ ಹೇಳಿದರು ಎಂದು ಜನ ತಿಳಿದರು.

ಹೊರಗೆ ಗೇಟಿನಲ್ಲಿ ಮೇಷ್ಟ್ರನ್ನು ಮುತ್ತಿಕೊಂಡರು. ಶೆಟ್ರು ಕಣ್ಣೊರೆಸಿಕೊಳ್ಳುತ್ತ ಬಂದು, "ಏನ್ ಹೇಳಿದ್ರಿ ಮೇಷ್ಟ್ರೆ! ಆ ಪಾಪಿ ಒಳಗೇ ಹೊಕ್ಕುಬಿಟ್ರಲ್ಲ! ಹತ್ತು ಸಲ ನೋಡೀನಿ, ಇವತ್ತು ಕರುಳು ಕಿತ್ತು ಬಂತು ನೋಡ್ರಿ" ಎಂದು ಬಗ್ಗಿ ಕಾಲು ಮುಟ್ಟಿದರು. ಮೇಷ್ಟ್ರು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ. ಅವರ ಮುಖವನ್ನು ನಾನು ಮೂರು ಅಡಿ ದೂರದಿಂದ ನೋಡಿದೆ. ಜ್ವರ ಬಿಟ್ಟವನ ಮುಖದ ಹಾಗಿತ್ತು. ನನ್ನ ಕಡೆ ತಿರುಗಿ, "ಹೇಳ್ದೆನಲ್ಲಪ್ಪ. ಎಲ್ಲರ ಮುಂದೆ ಹೇಳ್ದೆ" ಎಂದು ಪಿಸುಗುಟ್ಟಿದರು.

ಹುಸೇನ್‌ಬಿ ಕೊನೆಯಲ್ಲಿ ಹೊರಬಂದಳು. ಅವಳು ಎದುರಿಗೆ ನಿಂತ ಮೇಲೆ ಮೇಷ್ಟ್ರು, "ಕೇಳಿಸ್ತಾ?" ಎಂದರು.

"ನನಗ ಕೇಳಿಸ್ತು. ಇವ್ರು ಕೈ ತಟ್ಟಿದ್ರು."

"ನಾನೇನು ಮಾಡ್ಲಿ? ಹೇಳ್ದೆ."

"ಮತ್ತ ಹೇಳು."

"ನಾಳೆ ಈ ಸಿನಿಮಾ ಇಲ್ಲ. ರೀಲಿನ ಡಬ್ಬಿ ವಾಪಸ್ ಹೋಗ್ತಾವೆ."

"ಸಿನಿಮಾ ಯಾಕ ಬೇಕು ಮಾಸ್ತರ? ಇಲ್ಲೇ ಹೇಳು. ಈಗ ಹೇಳು. ಈ ಶೆಟ್ರಿಗೆ ಹೇಳು, ಅದು ನಾನ ಅಂತ."

ಶೆಟ್ರು ಇನ್ನೂ ಅಲ್ಲೇ ಇದ್ದರು. ಏನಾಯಿತೆಂದು ಇಬ್ಬರ ಮುಖವನ್ನೂ ನೋಡಿದರು. ಮೇಷ್ಟ್ರು ಬಾಯಿ ತೆರೆದರು. ಇನ್ನೇನು ಹೇಳಿಬಿಡುತ್ತಾರೆ ಎಂದುಕೊಂಡೆ. ಅವರು ಶೆಟ್ರ ಕಡೆ ತಿರುಗಿ, ಎಲ್ಲರಿಗೂ ಪ್ರಿಯವಾದ ಆ ತುಂಬು ದನಿಯಲ್ಲಿ ಹೇಳಿದರು:

"ಪಾಪ, ಕಥೆ ಮನಸ್ಸಿಗೆ ಹಚ್ಕೊಂಡುಬಿಟ್ಟಾಳೆ."

"ಹೌದೌದು. ಸಿನಿಮಾ ಅದು ತಾಯಿ, ನಿಜ ಅಲ್ಲ. ಮನೆಗೆ ಹೋಗಿ ಉಂಡು ಮಲಕ್ಕ" ಎಂದರು ಶೆಟ್ರು, ಬಹಳ ಮರುಕದಿಂದ.

ಹುಸೇನ್‌ಬಿ ಮೇಷ್ಟ್ರನ್ನು ಬೈಯಲಿಲ್ಲ. ನನ್ನ ಕಡೆ ಒಮ್ಮೆ ನೋಡಿದಳು. ನಿಜ ಗೊತ್ತಿದ್ದ ಮೂರನೆಯವನು ನಾನೊಬ್ಬನೇ ಎಂಬುದು ಆಕೆಗೆ ತಿಳಿದಿತ್ತು. ನಾನು ಕೈಯಲ್ಲಿದ್ದ ಟಿಕೆಟ್ ತುಂಡುಗಳ ಕಟ್ಟಿಗೆ ದಾರ ಸುತ್ತುತ್ತಿದ್ದೆ. ಸುತ್ತುತ್ತಲೇ ಇದ್ದೆ. ಆಕೆ ಹೊರಟುಹೋದಳು.

ಅದಾದ ಮೇಲೆ ಆರು ವರ್ಷ ಮೇಷ್ಟ್ರು ಕಥೆ ಹೇಳಿದರು. ಮಗಳ ಮದುವೆ ಚೆನ್ನಾಗಿ ನಡೆಯಿತು. ನನ್ನ ಜೊತೆ ಎಂದಿನಂತೆಯೇ ಇದ್ದರು. ಹಬ್ಬಕ್ಕೆ ಹೋಳಿಗೆ ಕಟ್ಟಿಸಿಕೊಂಡು ಬರುತ್ತಿದ್ದರು, ನಾನು ತಿನ್ನುತ್ತಿದ್ದೆ. ಅವರು ಕೆಟ್ಟವರೆಂದು ಬರೆಯಲು ನನ್ನ ಕೈ ಏಳುವುದಿಲ್ಲ. ಕುಡುಗೋಲು ನನ್ನ ಕುತ್ತಿಗೆಯ ಮೇಲಿದ್ದಿದ್ದರೆ ನಾನೂ ಕೂಗುತ್ತಿದ್ದೆನೇನೋ. ಆದರೆ ಟಾಕೀಸಿನ ಗೇಟಿನಲ್ಲಿ ಆ ಸಂಜೆ ಯಾರ ಕುತ್ತಿಗೆಯ ಮೇಲೂ ಏನೂ ಇರಲಿಲ್ಲ. ಅವರ ಮೇಲೂ ಇರಲಿಲ್ಲ, ನನ್ನ ಮೇಲೂ ಇರಲಿಲ್ಲ.

ಕಳೆದ ಭಾನುವಾರ ಹರಿಹರದಲ್ಲಿ ಶ್ರದ್ಧಾಂಜಲಿ ಸಭೆ. ವೇದಿಕೆಯ ಮೇಲೆ ಶೆಟ್ರು ಮಾತಾಡಿದರು. ವಯಸ್ಸಾಗಿದೆ, ನೆನಪು ಗಟ್ಟಿಯಾಗಿದೆ. "ಮೇಷ್ಟ್ರು ಹೇಳಿದ ಆ ಕಥೆ ಮರೆಯಾಕೆ ಆಗಲ್ಲ. ದಸ್ತಗೀರ, ಕುಂಟ ಬಾಬಾಜಾನ್, ಹುಡುಗ ಮಹಬೂಬ... ಹೆಂಥಾ ಪಾತ್ರಗಳು! ಇವತ್ತಿಗೂ ನನ್ನ ಮೊಮ್ಮಕ್ಕಳಿಗೆ ಹೇಳ್ತೀನಿ" ಎಂದರು. ಸಭೆ ಕಣ್ಣೊರೆಸಿಕೊಂಡಿತು. ಎದ್ದು ಹೇಳಬೇಕೆಂದುಕೊಂಡೆ. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೂತಿದ್ದರು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಮಂಡಕ್ಕಿ ಭಟ್ಟಿಗೆ ಹೋದೆ. ಹುಸೇನ್‌ಬಿ ಅಲ್ಲೇ ಇದ್ದಾಳೆ. ಜರಡಿ ಹಿಡಿದು ಮರಳು ಬೇರೆ ಮಾಡುತ್ತಿದ್ದಳು. ಮೇಷ್ಟ್ರು ಹೋದರೆಂದೆ. "ಕೇಳಿದೆ" ಎಂದಳು, ಜರಡಿ ನಿಲ್ಲಿಸಲಿಲ್ಲ. ನಾನು ಇದನ್ನೆಲ್ಲ ಬರೆಯಬೇಕೆಂದಿದ್ದೇನೆ ಎಂದೆ.

"ಅವನ ಹೆಸರು ಹಾಕ್ತೀಯೇನು?"

"ನೀವು ಹೇಳಿದ ಹಾಗೆ."

"ಬ್ಯಾಡ. ಅವನ ಹೆಂಡ್ತಿ, ಮಗಳು ಏನು ಮಾಡ್ಯಾರ? ಇವರದು ಹಾಕು." ಜರಡಿಯನ್ನು ಒಮ್ಮೆ ಕುಟ್ಟಿ, "ಕಥೀ ಹಂಗ ಬರೀಬ್ಯಾಡ ಮತ್ತ" ಎಂದಳು.

ಹಾಗಾಗಿ ಬರೆಯುತ್ತಿದ್ದೇನೆ. ದಸ್ತಗೀರ, ಟೇಲರ್. ಬಾಬಾಜಾನ್, ಅವನ ತಮ್ಮ. ಮಹಬೂಬ, ದಸ್ತಗೀರನನ್ನು 'ಅಬ್ಬಾ' ಎಂದು ಕರೆಯುತ್ತಿದ್ದ ಮಗ, ಹತ್ತು ವರ್ಷ. ಇವು ಪಾತ್ರಗಳಲ್ಲ. ಅವರು ಊರು ಬಿಟ್ಟು ಹೋಗಲಿಲ್ಲ.